ಟ್ಯಾಕ್ಸ್ ನೋಟಿಸ್ ಬಂದಿದ್ಯಾ? ಅಂಗಡಿಯೋರಿಗೂ ಸಂಬಳದೋರಿಗೂ ನನಗೆ ಗೊತ್ತಿರೋಷ್ಟು

2025ರ ಜುಲೈ ತಿಂಗಳು ಬೆಂಗಳೂರಲ್ಲಿ ಇದ್ದೋರಿಗೆ ನೆನಪಿರುತ್ತೆ. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ ಮುಂದೆ ಅಂಟಿಸಿದ್ದ ಕ್ಯೂಆರ್ ಸ್ಟಿಕ್ಕರ್‌ನ ಉಗುರಲ್ಲಿ ಕೆರೆದು ಕಿತ್ತಾಕಿ, ಅದೇ ಜಾಗದಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಸ್ಕೆಚ್ ಪೆನ್ನಲ್ಲಿ ಬರೆದ ರಟ್ಟು ನೇತಾಕಿದ್ರು. ವಾಣಿಜ್ಯ ತೆರಿಗೆ ಇಲಾಖೆಯೋರು ಯುಪಿಐ ಕಂಪನಿಗಳಿಂದ 2021-22ರಿಂದ 2024-25ರ ತನಕದ ಡೇಟಾ ತರಿಸ್ಕೊಂಡು, ವರ್ಷಕ್ಕೆ 40 ಲಕ್ಷ ದಾಟಿದ್ರೂ ಜಿಎಸ್‌ಟಿ ನಂಬರ್ ಇಲ್ಲದ ಸಾವಿರಾರು ಅಂಗಡಿಗಳಿಗೆ ನೋಟಿಸ್ ಕಳ್ಸಿದ್ರು. ಹಾವೇರಿಯಲ್ಲಿ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಅಂತ ಬಂದಿದ್ದು ಪೇಪರ್ ತುಂಬ ಓಡಾಡ್ತು. ಆಮೇಲೆ ಅಂಗಡಿಯೋರು ಬಂದ್ ಅಂದ್ರು, ಜುಲೈ 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನೋರು ಮೀಟಿಂಗ್ ಕರೆದು, ಜಿಎಸ್‌ಟಿ ನೋಂದಣಿ ಮಾಡಿಸ್ಕೊಂಡ್ರೆ ಹಳೇ ಬಾಕಿ ವಸೂಲಿ ಮಾಡಲ್ಲ ಅಂದ್ರು, ಬಂದ್ ವಾಪಸ್ ಹೋಯ್ತು.

ನಾನು ಸಣ್ಣಪುಟ್ಟ ಅಂಗಡಿಯೋರ ಲೆಕ್ಕ ಬರೆದು ರಿಟರ್ನ್ ಹಾಕೋನು. ಸಿಎ ಅಲ್ಲ, ಜನ ಮಾತ್ರ ಬಾಯಿತುಂಬ ಆಡಿಟ್ರೇ ಅಂತಾರೆ. ಆ ಎರಡು ವಾರ ನನ್ನ ಫೋನ್ ಸುಮ್ನೇ ಇರ್ಲಿಲ್ಲ, ಮತ್ತೆ ಬಂದೋರಲ್ಲಿ ಅರ್ಧ ಜನ ನೋಟಿಸ್ ಬಂದು ಇಪ್ಪತ್ತು ದಿನ ಆದ್ಮೇಲೆ ಬಂದೋರು, "ಎಲ್ರಿಗೂ ಬಂದಿದೆ ಬಿಡಿ ಸಾರ್, ಊರಿಗೆ ಆಗಿದ್ದು ನಮಗೂ" ಅಂತ ಕೂತಿದ್ರಂತೆ. ನಾನು ಇಷ್ಟು ವರ್ಷದಲ್ಲಿ ನೋಡಿರೋದು ಹೇಳ್ತೀನಿ, ಟ್ಯಾಕ್ಸ್ ಕಟ್ಟಿ ಮುಳುಗಿದೋರು ಕಮ್ಮಿ, ಉತ್ತರ ಕೊಡದೇ ಮುಳುಗಿದೋರು ಜಾಸ್ತಿ. ನೋಟಿಸಲ್ಲಿ ಆಫೀಸರ್ ಕೇಳ್ತಾ ಇರ್ತಾರೆ, ಇದೇನು ಹೇಳಿ ಅಂತ. ನೀವು ಬಾಯಿ ಬಿಡದೇ ಹೋದ್ರೆ ತಮ್ಮ ಹತ್ರ ಇರೋ ಅಂಕಿನೇ ಸರಿ ಅಂತ ಆರ್ಡರ್ ಬರೀತಾರೆ, ಆಮೇಲೆ ಬ್ಯಾಂಕಿಗೆ ಪತ್ರ ಹೋಗುತ್ತೆ, ಒಂದಿನ ಬೆಳಗ್ಗೆ ಮೈದಾ ಮೂಟೆಗೆ ದುಡ್ಡು ಹಾಕೋಣ ಅಂತ ಹೋದ್ರೆ ಅಕೌಂಟ್ ಲಾಕ್. ಮುಖ್ಯಮಂತ್ರಿ ಟೀವಿಯಲ್ಲಿ ಹೇಳಿದ್ದಾರೆ ಅನ್ನೋದನ್ನ ಫೈಲಿಗೆ ಹಾಕೋಕಾಗಲ್ಲ, ಅದಕ್ಕೇ ಆ ಮೀಟಿಂಗ್ ಆದ್ಮೇಲೂ ನಾನು ನನ್ನ ಹತ್ರ ಬಂದೋರೆಲ್ಲರ ಕೈಲೂ ಉತ್ತರ ಬರೆಸಿ ಸೀಲ್ ಹಾಕಿಸ್ಕೊಂಡೇ ಬಂದೆ.

ಮೊದಲು ಅಸಲಿನಾ ನಕಲಿನಾ ನೋಡಿ

ವಾಟ್ಸಾಪಲ್ಲಿ ಬಂದ ಪಿಡಿಎಫ್, "ಇವತ್ತು ಸಂಜೆ ಒಳಗೆ ಈ ನಂಬರಿಗೆ ಕಟ್ಟಿ" ಅನ್ನೋ ಮೆಸೇಜು, ರೀಫಂಡ್ ಲಿಂಕು, ಇವೆಲ್ಲ ಕಳ್ಳರ ಕೆಲಸ. ಇನ್‌ಕಮ್ ಟ್ಯಾಕ್ಸ್‌ನೋರ ಪತ್ರ ಆದ್ರೆ 2019ರ ಅಕ್ಟೋಬರ್ 1ರಿಂದ ಡಿಐಎನ್ ಅನ್ನೋ ನಂಬರ್ ಇರಲೇಬೇಕು. ಇ-ಫೈಲಿಂಗ್ ಪೋರ್ಟಲ್‌ನ ಮೊದಲ ಪುಟದಲ್ಲೇ, ಲಾಗಿನ್ ಆಗದೇನೇ, ನೋಟಿಸ್ ಅಸಲಿನಾ ಅಂತ ಚೆಕ್ ಮಾಡೋ ಲಿಂಕ್ ಇದೆ, ಆ ನಂಬರ್ ಹಾಕಿ ಓಟಿಪಿ ಕೊಟ್ರೆ ಹೇಳುತ್ತೆ. ಜಿಎಸ್‌ಟಿ ಪೋರ್ಟಲಲ್ಲೂ ಹಾಗೇ, ಪತ್ರದ ಮೇಲಿನ ರೆಫರೆನ್ಸ್ ನಂಬರ್ ಹಾಕಿ ನೋಡೋಕೆ ಯೂಸರ್ ಸರ್ವಿಸಸ್ ಒಳಗೆ ಆರ್‌ಎಫ್‌ಎನ್ ವೆರಿಫೈ ಅಂತಿದೆ. ಇನ್ನೊಂದು, ಅಸಲಿ ಟ್ಯಾಕ್ಸ್ ಯಾವತ್ತೂ ಚಲನ್ ಮೂಲಕನೇ ಕಟ್ಟೋದು, ಯಾರದ್ದೋ ಫೋನ್ ಪೇ ನಂಬರಿಗಲ್ಲ.

ಅಸಲಿ ಅಂತ ಗೊತ್ತಾದ್ಮೇಲೆ ಮೂರೇ ವಿಷ್ಯ ಒಂದು ಚೀಟೀಲಿ ಬರ್ಕೊಳ್ಳಿ: ಯಾವ ವರ್ಷದ್ದು, ಯಾವ ಸೆಕ್ಷನ್ ಅಥವಾ ಫಾರಂ, ಉತ್ತರಕ್ಕೆ ಕೊನೇ ದಿನ ಯಾವುದು. ದೊಡ್ಡ ಅಕ್ಷರದಲ್ಲಿರೋ ಲಕ್ಷದ ಅಂಕಿ ನೋಡಿ ತಲೆ ಸುತ್ತು ಬರುತ್ತೆ, ಅದನ್ನ ಆಮೇಲೆ ನೋಡೋಣ, ಕೊನೇ ದಿನ ಮೊದಲು.

ನೋಟಿಸ್ ಬಂದಿದ್ದೇ ಗೊತ್ತಾಗಲಿಲ್ಲ ಅನ್ನೋ ಕಥೆ ಜಿಎಸ್‌ಟಿ ಇರೋರ ಹತ್ರ ತುಂಬ ಕೇಳ್ತೀನಿ. ನಂಬರ್ ಮಾಡಿಸುವಾಗ ಯಾರೋ ಏಜೆಂಟು ತನ್ನದೇ ಮೊಬೈಲು ಇಮೇಲು ಹಾಕಿರ್ತಾನೆ, ಓಟಿಪಿ ನೋಟಿಸು ಎಲ್ಲ ಅವನಿಗೇ ಹೋಗುತ್ತೆ, ಅವನು ಊರು ಬಿಟ್ಟು ಹೋಗಿರ್ತಾನೆ. ಪೋರ್ಟಲಲ್ಲಿ ನೋಟಿಸ್ ನೋಡೋ ಜಾಗನೂ ಎರಡಿವೆ, "ವ್ಯೂ ನೋಟಿಸಸ್ ಅಂಡ್ ಆರ್ಡರ್ಸ್" ಒಂದು, "ವ್ಯೂ ಅಡಿಷನಲ್ ನೋಟಿಸಸ್" ಇನ್ನೊಂದು, ಈ ಎರಡನೇದನ್ನ ಯಾರೂ ತೆಗೆದು ನೋಡಲ್ಲ, ಶೋಕಾಸ್ ನೋಟಿಸೆಲ್ಲ, ಅಂದ್ರೆ ಯಾಕೆ ಟ್ಯಾಕ್ಸ್ ಹಾಕಬಾರದು ಹೇಳಿ ಅನ್ನೋ ಪತ್ರಗಳು, ಅಲ್ಲೇ ಬೆಚ್ಚಗೆ ಮಲಗಿರುತ್ತೆ. ಹಿಂಗೆ ಗೊತ್ತೇ ಆಗದೇ ಆದ ಎಷ್ಟೋ ಆರ್ಡರ್‌ನ ಹೈಕೋರ್ಟ್‌ಗಳು ರದ್ದು ಮಾಡಿ ಮತ್ತೆ ಕೇಳಿ ಅಂತ ವಾಪಸ್ ಕಳ್ಸಿವೆ, ಆದ್ರೆ ಅದಕ್ಕೆ ವಕೀಲರ ಫೀಸು, ಬೆಂಗಳೂರಿಗೋ ಧಾರವಾಡಕ್ಕೋ ಕಲ್ಬುರ್ಗಿಗೋ ಓಡಾಟ, ಅದರ ಬದಲು ತಿಂಗಳಿಗೊಂದ್ಸಲ ಎರಡೂ ಟ್ಯಾಬ್ ತೆಗೆದು ನೋಡೋದು ಹತ್ತು ನಿಮಿಷದ ಕೆಲಸ. ಇವತ್ತೇ ಹೋಗಿ ನಿಮ್ಮ ರಿಜಿಸ್ಟ್ರೇಷನಲ್ಲಿ ಯಾರ ಮೊಬೈಲ್ ನಂಬರ್ ಇದೆ ಅಂತ ನೋಡ್ಕೊಳ್ಳಿ.

ಎರಡು ಮನೆ, ಎರಡು ಲೆಕ್ಕ

"ನನಗೆ ಟ್ಯಾಕ್ಸೇ ಬರಲ್ಲ ಅಂದಿದ್ರು, ರಿಟರ್ನ್ ಬೇರೆ ಹಾಕಿದೀನಿ, ಈಗ ಯಾಕೆ ನೋಟಿಸು?" ಅಂತ ಕೇಳೋರೆಲ್ಲ ಇನ್‌ಕಮ್ ಟ್ಯಾಕ್ಸನ್ನೂ ಜಿಎಸ್‌ಟಿನೂ ಒಂದೇ ಅಂದ್ಕೊಂಡಿರ್ತಾರೆ. ಇನ್‌ಕಮ್ ಟ್ಯಾಕ್ಸ್ ನಿಮ್ಮ ಲಾಭದ ಮೇಲೆ. ಸಣ್ಣ ವ್ಯಾಪಾರಿ 44ಎಡಿ, ಅಂದ್ರೆ ಲಾಭನ ಅಂದಾಜಲ್ಲಿ ತೋರಿಸೋ ಸೆಕ್ಷನ್, ಅದರ ಅಡಿ ಐಟಿಆರ್-4 ರಿಟರ್ನ್ ಹಾಕಿದ್ರೆ ಬ್ಯಾಂಕು, ಯುಪಿಐ ಮೂಲಕ ಬಂದಿದ್ದರಲ್ಲಿ 6%, ಕ್ಯಾಶಲ್ಲಿ ಬಂದಿದ್ದರಲ್ಲಿ 8% ಲಾಭ ಅಂತ ತೋರಿಸಿದ್ರೆ ಸಾಕು, ವಹಿವಾಟು 2 ಕೋಟಿ ಒಳಗಿರಬೇಕು, ಕ್ಯಾಶ್ 5% ಮೀರದಿದ್ರೆ 3 ಕೋಟಿ ತನಕ. 70 ಲಕ್ಷ ಯುಪಿಐ ಬಂದೋರಿಗೂ 6% ಅಂದ್ರೆ 4 ಲಕ್ಷ 20 ಸಾವಿರ, ರಿಬೇಟ್ ಎಲ್ಲ ಕಳೆದು ಟ್ಯಾಕ್ಸು ಸೊನ್ನೆ. ಇಲ್ಲಿ ತನಕ ಸರಿನೇ. ಜಿಎಸ್‌ಟಿ ಹಂಗಲ್ಲ, ಅದು ಮಾರಾಟದ ಮೇಲೆ. ನಮ್ಮ ರಾಜ್ಯದಲ್ಲಿ ಸಾಮಾನು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸರ್ವಿಸ್ ಕೊಡೋರಿಗೆ 20 ಲಕ್ಷ ದಾಟಿದ್ರೆ ನಂಬರ್ ಮಾಡಿಸ್ಲೇಬೇಕು, ಲಾಭ ಆಗ್ಲಿ ನಷ್ಟ ಆಗ್ಲಿ.

ಅದರಲ್ಲೂ ಎಲ್ಲರೂ ಎಡವೋ ಒಂದು ಕಲ್ಲಿದೆ. ಬರೀ ವಿನಾಯಿತಿ ಇರೋ ಮಾಲು ಮಾರೋರು, ಅಂದ್ರೆ ಬಿಡಿ ತರಕಾರಿ, ಹಣ್ಣು, ಹಾಲು ಇಷ್ಟೇ ಮಾರೋರು, ಕೋಟಿ ವ್ಯಾಪಾರ ಮಾಡಿದ್ರೂ ನಂಬರ್ ಬೇಕಾಗಿಲ್ಲ. ಆದ್ರೆ ಅದೇ ಅಂಗಡೀಲಿ ಪಕ್ಕದಲ್ಲಿ ಸಿಗರೇಟು, ಬಿಸ್ಕತ್ತು, ಕೂಲ್ ಡ್ರಿಂಕ್ಸ್ ಇಟ್ರೋ, 40 ಲಕ್ಷ ಎಣಿಸುವಾಗ ಹಾಲು ಮಾರಿದ ದುಡ್ಡೂ ಸೇರುತ್ತೆ. ಹಾಲಿನ ಮೇಲೆ ಟ್ಯಾಕ್ಸ್ ಬೀಳಲ್ಲ, ಎಣಿಕೆಗೆ ಮಾತ್ರ ಬರುತ್ತೆ. ಮತ್ತೆ ಎಣಿಕೆ ಪ್ಯಾನ್ ಮೇಲೆ, ನಿಮ್ಮ ಹೆಸರಲ್ಲಿ ಎರಡು ಕಡೆ ಎರಡು ಅಂಗಡಿ ಇದ್ರೆ ಎರಡೂ ಕೂಡಿಸ್ಬೇಕು.

ಒಬ್ಬ ಬೇಕರಿಯವರ ಲೆಕ್ಕ, ಪೈಸೆ ಪೈಸೆ

ಹಾಸನದ ಕಡೆಯಿಂದ ಬಂದು ಬೆಂಗಳೂರಲ್ಲಿ ಬೇಕರಿ ಹಾಕಿದ ಜನ ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು. ಅವರಲ್ಲೊಬ್ರು, ನನಗೆ ಅಣ್ಣನ ಥರ, ಹಾಲಿನ ಪ್ಯಾಕೆಟ್ ಬರೋ ಪ್ಲಾಸ್ಟಿಕ್ ಕವರಲ್ಲಿ ನೋಟಿಸು, ಎರಡು ಪಾಸ್‌ಬುಕ್ಕು, ಒಂದು ಚೀಟಿ ಪುಸ್ತಕ ಇಟ್ಕೊಂಡು ಬಂದ್ರು. 2023-24ಕ್ಕೆ ಯುಪಿಐಲಿ 58 ಲಕ್ಷ 40 ಸಾವಿರ ಬಂದಿದೆ, ಪೂರ್ತಿಗೆ 18% ಅಂದ್ರೆ ಹತ್ತೂವರೆ ಲಕ್ಷ, ಮೇಲೆ ಬಡ್ಡಿ, ದಂಡ. ಅಣ್ಣ ಕೂತ ಕುರ್ಚಿಯಿಂದ ಏಳೋಕೂ ಆಗದೇ "ಬೇಕರಿ ಮಾರಿದ್ರೂ ಇಷ್ಟು ಬರಲ್ಲ ಕಣೋ" ಅಂದ್ರು.

ನಾವು ಮಾಡಿದ್ದು ಇಷ್ಟೇ. ಬ್ಯಾಂಕಿಂದ ಸ್ಟೇಟ್‌ಮೆಂಟ್ ಎಕ್ಸೆಲಲ್ಲಿ ತರಿಸಿ, ಒಂದೊಂದು ಸಾಲಿಗೂ ಪಕ್ಕದಲ್ಲಿ ಇದೇನು ಅಂತ ಬರ್ದಿದ್ದು. ಮೂರು ರಾತ್ರಿ ಹಿಡೀತು. ಅವರದ್ದೇ ಇನ್ನೊಂದು ಅಕೌಂಟಿಂದ ಬಂದಿದ್ದು 4 ಲಕ್ಷ 20 ಸಾವಿರ, ಅದು ವ್ಯಾಪಾರ ಅಲ್ಲ. ಚೀಟಿ ಎತ್ತಿದ್ದು 3 ಲಕ್ಷ, ಪುಸ್ತಕದಲ್ಲಿ ತಾರೀಕು ಇದೆ. ಆಮೇಲೆ ನಮ್ಮ ಅಂಗಡಿಗಳಲ್ಲಿ ದಿನಾ ನಡೆಯೋದು, "ಅಣ್ಣ ಸಾವಿರ ಫೋನ್ ಪೇ ಮಾಡ್ತೀನಿ ಕ್ಯಾಶ್ ಕೊಡಿ" ಅನ್ನೋರದ್ದು, ಸರಿಯಾಗಿ 500, 1000, 2000 ಅಂತ ಗುಂಡಾಗಿರೋ ಎಂಟ್ರಿಗಳು, ಅದರಲ್ಲಿ ಗುರುತು ಹಿಡಿಯೋಕಾಗಿದ್ದು 2 ಲಕ್ಷ 90 ಸಾವಿರ. ಇದಕ್ಕೆ ಸಾಕ್ಷಿ ಕಮ್ಮಿ, ಆದ್ರೂ ಬೇಕರೀಲಿ ಯಾರೂ ಸರಿಯಾಗಿ 2000ಕ್ಕೆ ಬನ್ ತಗೊಳಲ್ಲ ಅನ್ನೋದು ಎಂಥ ಆಫೀಸರಿಗೂ ಅರ್ಥ ಆಗುತ್ತೆ, ಪಕ್ಕದ ಬೀದಿಯ ಇಬ್ಬರ ಕೈಲಿ ಬರೆಸ್ಕೊಂಡು ಹಾಕಿದ್ವಿ. ಉಳಿದಿದ್ದು ನಿಜವಾದ ಮಾರಾಟ: ಹಾಲು 14 ಲಕ್ಷ, ಬ್ರೆಡ್ 3 ಲಕ್ಷ 10 ಸಾವಿರ, ಎರಡಕ್ಕೂ ಟ್ಯಾಕ್ಸ್ ಇಲ್ಲ. ಕೇಕು, ಬಿಸ್ಕತ್ತು, ಮಿಕ್ಸ್ಚರು, ಉಳಿದದ್ದೆಲ್ಲ 31 ಲಕ್ಷ 20 ಸಾವಿರ. ಮೊದಲು ಮೊಸರಿನ ಪ್ಯಾಕೆಟ್ಟೂ ಹಾಲಿನ ಲೆಕ್ಕಕ್ಕೆ ಸೇರಿಸಿದ್ದೆ, ಆಮೇಲೆ ನೆನಪಾಯ್ತು, 2022ರ ಜುಲೈ 18ರಿಂದ ಪ್ಯಾಕೆಟ್ ಮೊಸರಿಗೆ 5% ಇದೆ, ತೆಗೆದು ಈ ಕಡೆ ಹಾಕಿದೆ. ಇಂಥ ಒಂದು ತಪ್ಪು ಅವರ ಕೈಗೆ ಸಿಕ್ಕಿದ್ರೆ ಉಳಿದ ಲೆಕ್ಕಾನೂ ಯಾರೂ ನಂಬಲ್ಲ.

ಆಮೇಲೆ ಕ್ಯಾಶ್ ವ್ಯಾಪಾರ. ಅಣ್ಣ ಅದನ್ನ ಹೇಳೋದೇ ಬೇಡ ಅಂದ್ರು. ನಾನು ಒಪ್ಪಲಿಲ್ಲ, ಮೈದಾ, ಸಕ್ಕರೆ, ಡಾಲ್ಡಾ ತಂದ ಲೆಕ್ಕಕ್ಕೂ ಮಾರಿದ ಲೆಕ್ಕಕ್ಕೂ ತಾಳೆ ಆಗ್ಬೇಕಲ್ಲ, ಕೇಳಿದಾಗ ತಬ್ಬಿಬ್ಬಾಗೋದಕ್ಕಿಂತ ನಾವೇ ಹಾಕೋಣ ಅಂದೆ. ದಿನಕ್ಕೆ ಸುಮಾರು 2 ಸಾವಿರದಂತೆ 7 ಲಕ್ಷ 20 ಸಾವಿರ, ಅದರಲ್ಲಿ ಟ್ಯಾಕ್ಸ್ ಬೀಳೋದು 4 ಲಕ್ಷ 80 ಸಾವಿರ. ಈಗ ಒಟ್ಟು ವಹಿವಾಟು 55 ಲಕ್ಷ 50 ಸಾವಿರ, ಟ್ಯಾಕ್ಸ್ ಬೀಳೋ ಮಾಲು 36 ಲಕ್ಷ.

40 ದಾಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹಿಂದಿನ ವರ್ಷ 33 ಲಕ್ಷನೇ ಇತ್ತು, ಮೊದಲ ಸಲ ದಾಟಿದ್ದು ಇದೇ ವರ್ಷ, ಅದೂ ಡಿಸೆಂಬರ್ 20ರ ಆಸುಪಾಸಲ್ಲಿ. ದಾಟೋ ತನಕ ನೋಂದಣಿ ಹೊಣೆನೇ ಇಲ್ಲ, ದಾಟಿದ ದಿನದಿಂದ ಲೆಕ್ಕ, ಮಾಡಿಸೋಕೆ 30 ದಿನ. ಅಂದ್ರೆ ಆ ವರ್ಷಕ್ಕೆ ಟ್ಯಾಕ್ಸ್ ಕೇಳಬಹುದಾದ ಮಾರಾಟ ಹತ್ತಿರ ಹತ್ತಿರ 10 ಲಕ್ಷ. ಅದ್ರಲ್ಲೂ ಗಿರಾಕಿ ಕೊಟ್ಟ ರೇಟಿನ ಒಳಗೇ ಟ್ಯಾಕ್ಸ್ ಸೇರಿದೆ ಅಂತ ಲೆಕ್ಕ ಹಾಕಿ ಅಂತ ಕೇಳಬಹುದು, ರೂಲ್ 35 ಇದೆ, ಅಂದ್ರೆ 118ರಲ್ಲಿ 18. ಎಲ್ಲಕ್ಕೂ 18% ಅಂತ ಇಟ್ರೂ ಒಂದೂವರೆ ಲಕ್ಷದ ಚಿಲ್ಲರೆಗೆ ಬಂತು, ಎಲ್ಲಿಯ ಹತ್ತೂವರೆ. ಮುಂದಿನ ವರ್ಷದ್ದು ಮಾತ್ರ ಏಪ್ರಿಲ್ 1ರಿಂದನೇ ಪೂರ್ತಿ ಬೀಳುತ್ತೆ, ಅದನ್ನೂ ಅಣ್ಣನಿಗೆ ಅವತ್ತೇ ಹೇಳಿದೆ, ಆಸೆ ಹುಟ್ಟಿಸಿ ಆಮೇಲೆ ಬೈಸ್ಕೊಳ್ಳೋದು ನನಗೆ ಬೇಡ. (ಕೇಕು, ಬಿಸ್ಕತ್ತಿಗೆ 2025ರ ಸೆಪ್ಟೆಂಬರ್ 22ರಿಂದ 5% ಆಗಿದೆ, ಆದ್ರೆ ಹಳೇ ವರ್ಷಕ್ಕೆ ಹಳೇ ರೇಟೇ.)

ಉತ್ತರ ಬರೆಯೋದು ಹೆಂಗೆ

ರಾಜ್ಯದ ಆಫೀಸಿಗೆ ಕನ್ನಡದಲ್ಲೇ ಬರೀರಿ, ಧಾರಾಳವಾಗಿ ತಗೋತಾರೆ. ಮಕ್ಕಳು ಓದೋಕೆ ಬೆಳಕಿಲ್ಲ, ಕೊರೊನಾದಲ್ಲಿ ಸೋತೋದೆ ಅಂತ ಎರಡು ಪುಟ ಗೋಳು ಬರ್ಕೊಂಡು ಬರ್ತಾರೆ ಕೆಲವರು, ಪಾಪ ನಿಜಾನೇ ಇರುತ್ತೆ, ಆದ್ರೆ ಆಫೀಸರಿಗೆ ಅದನ್ನಿಟ್ಕೊಂಡು ಆರ್ಡರಲ್ಲಿ ಏನೂ ಬರೆಯೋಕಾಗಲ್ಲ. ನಾನು ಬರೆಸೋದು ಹಿಂಗೆ: "ತಮ್ಮ ಇಂಥ ದಿನಾಂಕದ, ಇಂಥ ಸಂಖ್ಯೆಯ ನೋಟಿಸಿಗೆ ಉತ್ತರ. ತಾವು ತೋರಿಸಿರುವ ರೂ. 58,40,000 ಪೂರ್ತಿ ನನ್ನ ಮಾರಾಟ ಅಲ್ಲ. ವಿಂಗಡಣೆ ಪಟ್ಟಿ 1ರಲ್ಲಿ ಇದೆ. ಸ್ವಂತ ಖಾತೆಯಿಂದ ಬಂದ ಹಣಕ್ಕೆ ಪಾಸ್‌ಬುಕ್ ಪ್ರತಿ ಪಟ್ಟಿ 2. ಹಾಲು ಮತ್ತು ಬ್ರೆಡ್ ಖರೀದಿ ಬಿಲ್ಲುಗಳು ಪಟ್ಟಿ 3. ಆರ್ಡರ್ ಮಾಡುವ ಮೊದಲು ನನ್ನನ್ನು ಖುದ್ದಾಗಿ ಕೇಳಬೇಕೆಂದು ಕೋರುತ್ತೇನೆ." ಈ ಕೊನೇ ಸಾಲು ಬಿಡಲೇಬೇಡಿ. ಜಿಎಸ್‌ಟಿ ಕಾಯ್ದೆ 75(4)ರ ಪ್ರಕಾರ ನೀವು ಬರೆದು ಕೇಳಿದ್ರೆ, ಇಲ್ಲಾ ನಿಮ್ಮ ವಿರುದ್ಧ ಆರ್ಡರ್ ಆಗೋ ಹಂಗಿದ್ರೆ, ಖುದ್ದು ಹಿಯರಿಂಗ್ ಕೊಡ್ಲೇಬೇಕು, ಕೊಡದೇ ಮಾಡಿದ ಆರ್ಡರ್ ಮುಂದೆ ನಿಲ್ಲೋದು ಕಷ್ಟ. ಟೈಂ ಸಾಲಲ್ಲ ಅನ್ಸಿದ್ರೆ ಕೊನೇ ದಿನ ಬರೋ ಮುಂಚೆನೇ ಇನ್ನಷ್ಟು ದಿನ ಕೊಡಿ ಅಂತ ಬರೀರಿ, ಒಟ್ಟು ಮೂರು ಸಲಕ್ಕಿಂತ ಜಾಸ್ತಿ ಮುಂದೂಡೋ ಹಾಗಿಲ್ಲ. ಕೈಯಲ್ಲಿ ಕೊಟ್ರೆ ಇನ್ನೊಂದು ಕಾಪಿ ಮೇಲೆ ಸೀಲು, ಸಹಿ, ತಾರೀಕು ಹಾಕಿಸ್ಕೊಂಡೇ ಬನ್ನಿ. ಒಂದು ಆಫೀಸಲ್ಲಿ ನಾನು ಕೊಟ್ಟ ಉತ್ತರ ಫೈಲಲ್ಲೇ ಇಲ್ಲ ಅಂದ್ರು, ಆ ಸೀಲು ತೋರಿಸಿದ್ಮೇಲೆ ಹುಡುಕಿದ್ರು, ಬೇರೆ ಯಾರದ್ದೋ ಫೈಲಿಗೆ ಟ್ಯಾಗ್ ಆಗಿತ್ತು.

ಜಿಎಸ್‌ಟಿ ನಂಬರ್ ಇರೋರಿಗೆ ಫಾರಂ ಹೆಸರು ಗೊತ್ತಿದ್ರೆ ಅರ್ಧ ಭಯ ಹೋಗುತ್ತೆ. ಎಎಸ್‌ಎಂಟಿ-10 ಬಂದ್ರೆ ನಿಮ್ಮ ರಿಟರ್ನಲ್ಲಿ ವ್ಯತ್ಯಾಸ ಕಂಡಿದೆ ಅಂತ, ಎಎಸ್‌ಎಂಟಿ-11ರಲ್ಲಿ ಉತ್ತರ ಕೊಡಿ, ಒಪ್ಪಿದ್ರೆ ಎಎಸ್‌ಎಂಟಿ-12 ಕೊಟ್ಟು ಮುಗಿಸ್ತಾರೆ. ಡಿಆರ್‌ಸಿ-01ಬಿ ಅಂದ್ರೆ ಜಿಎಸ್‌ಟಿಆರ್-1ರಲ್ಲಿ (ಮಾರಾಟದ ರಿಟರ್ನ್) ತೋರಿಸಿದ ಟ್ಯಾಕ್ಸು 3ಬಿಯಲ್ಲಿ (ಟ್ಯಾಕ್ಸ್ ಕಟ್ಟೋ ರಿಟರ್ನ್) ಕಟ್ಟಿದ್ದಕ್ಕಿಂತ ಜಾಸ್ತಿ ಇದೆ ಅಂತ, ಡಿಆರ್‌ಸಿ-01ಸಿ ಅಂದ್ರೆ ಪೋರ್ಟಲ್ ತೋರಿಸೋ 2ಬಿ ಪಟ್ಟಿಗಿಂತ ಜಾಸ್ತಿ ಇನ್‌ಪುಟ್ (ಖರೀದಿ ಮೇಲೆ ಕಟ್ಟಿದ ಟ್ಯಾಕ್ಸಿನ ಕಡಿತ) ತಗೊಂಡಿದೀರ ಅಂತ, ಎರಡಕ್ಕೂ ಏಳೇ ದಿನ ಟೈಂ, ಸುಮ್ನಿದ್ರೆ ಮುಂದಿನ ಜಿಎಸ್‌ಟಿಆರ್-1 ಹಾಕೋಕೇ ಬಿಡಲ್ಲ. ಬರೀ ಡಿಆರ್‌ಸಿ-01 ಅಂದ್ರೆ ಶೋಕಾಸು, ಇದು ಸೀರಿಯಸ್ಸು, ಉತ್ತರ ಡಿಆರ್‌ಸಿ-06ರಲ್ಲಿ. ತಪ್ಪು ನಿಮ್ಮದೇ ಅಂತ ಲೆಕ್ಕ ನೋಡಿದ ಮೇಲೆ ಗೊತ್ತಾದ್ರೆ ಜಗಳಕ್ಕೆ ನಿಲ್ಲಬೇಡಿ, ಡಿಆರ್‌ಸಿ-03ರಲ್ಲಿ ಟ್ಯಾಕ್ಸೂ ಬಡ್ಡಿನೂ ಕಟ್ಟಿಬಿಡಿ. ಮೋಸದ ಆರೋಪ ಇಲ್ಲದ ಕೇಸಲ್ಲಿ 2023-24ರ ತನಕದ ವರ್ಷಗಳಿಗೆ ಶೋಕಾಸು ಬಂದ 30 ದಿನದೊಳಗೆ, 2024-25ರಿಂದ ಈಚೆಗೆ 60 ದಿನದೊಳಗೆ ಕಟ್ಟಿದ್ರೆ ದಂಡ ಇಲ್ಲ. ಬಡ್ಡಿ ಮಾತ್ರ ವರ್ಷಕ್ಕೆ 18%, ಕೈಸಾಲ ಕೊಡೋರಿಗಿಂತ ಅಷ್ಟೇನೂ ಕಮ್ಮಿ ಇಲ್ಲ.

ರಿಟರ್ನ್ ಹಾಕೋದೇ ನಿಲ್ಲಿಸಿದೋರಿಗೆ ಜಿಎಸ್‌ಟಿಆರ್-3ಎ ಬರುತ್ತೆ, 15 ದಿನ. ಅದೂ ದಾಟಿದ್ರೆ ಆಫೀಸರು ಅಂದಾಜಲ್ಲಿ ಒಂದು ಅಂಕಿ ಬರೆದು ಎಎಸ್‌ಎಂಟಿ-13 ಆರ್ಡರ್ ಮಾಡ್ತಾರೆ. ಒಳ್ಳೇದೇನಪ್ಪ ಅಂದ್ರೆ ಆ ಆರ್ಡರ್ ಬಂದು 60 ದಿನದೊಳಗೆ ಸರಿಯಾದ ರಿಟರ್ನ್ ಹಾಕಿ ಟ್ಯಾಕ್ಸ್ ಕಟ್ಟಿದ್ರೆ ಅದು ತಾನಾಗೇ ಬಿದ್ದೋಗುತ್ತೆ, ಬಡ್ಡಿ, ಲೇಟ್ ಫೀಸ್ ಉಳಿಯುತ್ತೆ ಅಷ್ಟೇ. ನಂಬರೇ ಕ್ಯಾನ್ಸಲ್ ಆಗಿದ್ರೆ ಬಾಕಿ ರಿಟರ್ನೆಲ್ಲ ಹಾಕಿ 90 ದಿನದೊಳಗೆ ರೆಗ್-21ರಲ್ಲಿ ವಾಪಸ್ ಕೇಳ್ಬೇಕು. ವ್ಯಾಪಾರ ಸೊನ್ನೆ ಇದ್ರೂ ರಿಟರ್ನ್ ಹಾಕ್ಬೇಕು ಅನ್ನೋದು ಗೊತ್ತಿಲ್ಲದೇ, ಅಂಗಡಿ ಮುಚ್ಚಿ ಊರಿಗೆ ಹೋಗಿ, ದಿನಕ್ಕೆ 20 ರೂಪಾಯಿಯಂತೆ ಲೇಟ್ ಫೀಸ್ ಬೆಳೆಸ್ಕೊಂಡು ಬಂದೋರು ಬೇಕಾದಷ್ಟು ಜನ.

ಸಂಬಳದೋರಿಗೆ, ಜಮೀನು ಮಾರಿದೋರಿಗೆ

ಇನ್‌ಕಮ್ ಟ್ಯಾಕ್ಸ್‌ನಲ್ಲಿ ಜನ ನೋಟಿಸ್ ಅನ್ನೋದರಲ್ಲಿ ಮುಕ್ಕಾಲು ಪಾಲು 143(1) ಇಂಟಿಮೇಷನ್. ಅದು ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಸಿಪಿಸಿ, ಅಂದ್ರೆ ರಿಟರ್ನ್ ಪರಿಶೀಲಿಸೋ ಕೇಂದ್ರದಲ್ಲಿ ಕಂಪ್ಯೂಟರ್ ಹೊಂದಿಸಿ ನೋಡಿದ ಲೆಕ್ಕ. ನೀವು ಹಾಕಿದ್ದು ಒಂದು ಕಾಲಂ, ಅವರು ಲೆಕ್ಕ ಹಾಕಿದ್ದು ಪಕ್ಕದ ಕಾಲಂ, ಎರಡೂ ಒಂದೇ ಇದ್ರೆ ಕೆಲಸ ಮುಗೀತು, ಎತ್ತಿಡಿ. ಬೇರೆ ಇದ್ರೆ ಯಾವ ಸಾಲಲ್ಲಿ ಅಂತ ಬೆರಳಿಟ್ಟು ನೋಡ್ತಾ ಬನ್ನಿ. ಬಹಳ ಸಲ ಟಿಡಿಎಸ್, ಅಂದ್ರೆ ಸಂಬಳದಲ್ಲೋ ಬಡ್ಡಿಯಲ್ಲೋ ಮೊದಲೇ ಹಿಡಿದ ಟ್ಯಾಕ್ಸು, ಇಲಾಖೆಯ ಪಟ್ಟಿ 26ಎಎಸ್‌ನಲ್ಲಿ ಬಂದಿರಲ್ಲ, ಕೆಲಸ ಬಿಟ್ಟ ಹಳೇ ಕಂಪನಿಯ ಸಂಬಳ ಸೇರಿಸಿರಲ್ಲ, ಇಲ್ಲಾ ಎಫ್‌ಡಿ ಬಡ್ಡಿ ಮರ್ತಿರ್ತೀರ. ಅವರದ್ದು ತಪ್ಪು ಅಂತ ದಾಖಲೆ ಇದ್ರೆ 154ರ ಅಡಿ ರೆಕ್ಟಿಫಿಕೇಶನ್, ಅಂದ್ರೆ ತಿದ್ದುಪಡಿ ಅರ್ಜಿ, ಆನ್‌ಲೈನಲ್ಲೇ ಹಾಕಬಹುದು. ಔಟ್‌ಸ್ಟ್ಯಾಂಡಿಂಗ್ ಡಿಮಾಂಡ್ ಅನ್ನೋ ಜಾಗದಲ್ಲಿ ಹುಷಾರು, "ಡಿಮಾಂಡ್ ಈಸ್ ಕರೆಕ್ಟ್" ಅಂತ ಒತ್ತಿಬಿಟ್ರೆ ಆಮೇಲೆ ಒಪ್ಪಲ್ಲ ಅನ್ನೋಕಾಗಲ್ಲ, ಸುಮ್ನೆ ಏನಿದೆ ನೋಡೋಣ ಅಂತ ಒತ್ತಿ ಸಿಕ್ಕಾಕ್ಕೊಂಡೋರನ್ನ ನೋಡಿದೀನಿ. ಡಿಮಾಂಡ್ ಬಂದ 30 ದಿನ ಕಳೆದ್ರೆ ತಿಂಗಳಿಗೆ 1% ಬಡ್ಡಿ ಶುರು.

139(9) ಬಂದ್ರೆ ರಿಟರ್ನ್ ತುಂಬಿದ್ದರಲ್ಲಿ ಕೊರತೆ ಇದೆ ಅಂತ, 15 ದಿನದಲ್ಲಿ ಸರಿಮಾಡಿ ಕಳಿಸದಿದ್ರೆ ನೀವು ರಿಟರ್ನೇ ಹಾಕಿಲ್ಲ ಅಂತ ಆಗಬಹುದು. ತಿಂಗಳಿಗೆ 50 ಸಾವಿರ ದಾಟಿದ ಬಾಡಿಗೆ ಕಟ್ಟೋರು ಟಿಡಿಎಸ್ ಹಿಡೀಬೇಕು, 2024ರ ಅಕ್ಟೋಬರಿಂದ 2%, ಇದು ಬೆಂಗಳೂರಲ್ಲಿ ಗಂಡ ಹೆಂಡತಿ ಇಬ್ರೂ ಐಟಿ ಕಂಪನಿಯಲ್ಲಿರೋ ಎಷ್ಟು ಮನೆಗೆ ಗೊತ್ತೇ ಇಲ್ಲ, ಎಚ್‌ಆರ್‌ಎ (ಬಾಡಿಗೆ ವಿನಾಯಿತಿ) ಮಾತ್ರ ಪೂರ್ತಿ ತಗೊಂಡಿರ್ತಾರೆ, ಆ ಎರಡು ಅಂಕಿ ಕಂಪ್ಯೂಟರಿಗೆ ಒಟ್ಟಿಗೇ ಕಾಣುತ್ತೆ. ಇನ್ನು ರೀಫಂಡ್ ಆಸೆಗೆ ಯಾವುದೋ ಪಕ್ಷಕ್ಕೆ ದೇಣಿಗೆ ಕೊಟ್ಟೆ ಅಂತ ಏಜೆಂಟ್ ಕೈಲಿ ಹಾಕಿಸಿದೋರಿಗೆ ನನ್ನ ಹತ್ರ ಸಲಹೆ ಒಂದೇ, ಇಲಾಖೆ ಕೇಳೋ ಮುಂಚೆ ಅಪ್‌ಡೇಟೆಡ್ ರಿಟರ್ನ್ ಹಾಕಿ. ಈಗ 48 ತಿಂಗಳ ತನಕ ಹಾಕಬಹುದು, ಮೊದಲ ವರ್ಷದಲ್ಲಾದ್ರೆ ಟ್ಯಾಕ್ಸ್ ಬಡ್ಡಿ ಮೇಲೆ 25% ಜಾಸ್ತಿ, ಎರಡನೇ ವರ್ಷ 50, ಮೂರು 60, ನಾಲ್ಕು 70.

ಊರ ಕಡೆ ಬರೋ ದೊಡ್ಡ ನೋಟಿಸು ಜಮೀನಿಂದು. ಸಬ್ ರಿಜಿಸ್ಟ್ರಾರ್ ಆಫೀಸಿಂದ 30 ಲಕ್ಷ ಮೇಲಿನ ಕ್ರಯ, ಬ್ಯಾಂಕಿಂದ ಎಸ್‌ಬಿ ಖಾತೆಗೆ ವರ್ಷಕ್ಕೆ 10 ಲಕ್ಷ ಮೇಲಿನ ಕ್ಯಾಶು, ಎರಡೂ ಇಲಾಖೆಗೆ ಹೋಗುತ್ತೆ. ನಮ್ಮ ದೊಡ್ಡಪ್ಪ ಎರಡು ಎಕರೆ ಮಾರಿ ರಿಟರ್ನ್ ಹಾಕದೇ ಇದ್ರು, 148ಎ ಅಡಿ ಯಾಕೆ ನಿಮ್ಮ ಕೇಸ್ ತೆಗೀಬಾರದು ಅಂತ ಬಂತು. "ರೈತನಿಗೆಂಥ ಟ್ಯಾಕ್ಸು" ಅಂತ ಅದನ್ನ ಸೂರಿಗೆ ಸಿಕ್ಕಿಸಿಟ್ಟಿದ್ರು. ಹಳ್ಳಿ ಕೃಷಿ ಜಮೀನಿಗೆ ಕ್ಯಾಪಿಟಲ್ ಗೇನ್ ಇಲ್ಲ ಅನ್ನೋದು ನಿಜ, ಆದ್ರೆ ಹಳ್ಳಿ ಅಂದ್ರೆ ಯಾವುದು ಅಂತ ಅಳತೆ ಇದೆ: 10 ಸಾವಿರದಿಂದ 1 ಲಕ್ಷ ಜನ ಇರೋ ಪಟ್ಟಣದ ಗಡಿಯಿಂದ 2 ಕಿಲೋಮೀಟರ್ ಆಚೆ, 1ರಿಂದ 10 ಲಕ್ಷ ಇದ್ರೆ 6, ಅದರ ಮೇಲಿದ್ರೆ 8, ಅದೂ ರೋಡಿನ ಲೆಕ್ಕ ಅಲ್ಲ, ಕಾಗೆ ಹಾರಿದ ದೂರ. ಕ್ರಯಪತ್ರ, ಮೂರು ವರ್ಷದ ಬೆಳೆ ಕಾಲಂ ತುಂಬಿರೋ ಪಹಣಿ, ತಹಸೀಲ್ದಾರ್ ಹತ್ರ ದೂರದ ಸರ್ಟಿಫಿಕೇಟು, ಇಷ್ಟು ಹಾಕಿ ಉತ್ತರ ಕೊಟ್ಟ ಮೇಲೆ ಅಲ್ಲಿಗೇ ನಿಂತೋಯ್ತು. ಪುಣ್ಯಕ್ಕೆ ದುಡ್ಡೆಲ್ಲ ಡಿಡಿಯಲ್ಲಿ ಬಂದಿತ್ತು. ಅಡ್ವಾನ್ಸ್ ಆದ್ರೂ ಸರಿ 20 ಸಾವಿರ ಅಥವಾ ಮೇಲೆ ಕ್ಯಾಶ್ ತಗೊಂಡ್ರೆ ತಗೊಂಡಷ್ಟೇ ದಂಡ ಬೀಳಬಹುದು. ಇನ್ನು ಬ್ಯಾಂಕಿಗೆ ಕಟ್ಟಿದ ಕ್ಯಾಶಿಗೆ ಮೂಲವೇ ತೋರಿಸೋಕಾಗದಿದ್ರೆ ಹಳೇ ವರ್ಷಗಳಿಗೆ 115ಬಿಬಿಇ ಪ್ರಕಾರ ಸರ್ಚಾರ್ಜ್, ಸೆಸ್ ಸೇರಿ 78% ಹೋಗುತ್ತೆ, ಕೈಯಲ್ಲಿ ಉಳಿಯೋದು ಚಿಲ್ಲರೆ.

ಸೆಕ್ಷನ್ ನಂಬರ್ ಬಗ್ಗೆ ಒಂದು ಮಾತು, 2026ರ ಏಪ್ರಿಲ್ 1ರಿಂದ ಹೊಸ ಇನ್‌ಕಮ್ ಟ್ಯಾಕ್ಸ್ ಕಾಯ್ದೆ, 2025ರದ್ದು, ಜಾರಿಗೆ ಬಂದಿದೆ, ಅದರಲ್ಲಿ ನಂಬರೆಲ್ಲ ಬೇರೆ. 2025-26ರ ತನಕದ ವರ್ಷಗಳ ಕೇಸು 1961ರ ಕಾಯ್ದೆಯಲ್ಲೇ ನಡೆಯುತ್ತೆ, ಅದಕ್ಕೇ ನಾನು ಹಳೇ ನಂಬರೇ ಹೇಳಿದ್ದು.

ಆರ್ಡರೇ ಆಗಿಹೋಗಿದ್ರೆ

ಅಪೀಲಿಗೂ ಡೇಟ್ ಇದೆ. ಜಿಎಸ್‌ಟಿಗೆ ಮೂರು ತಿಂಗಳು, ಸರಿಯಾದ ಕಾರಣ ಇದ್ರೆ ಇನ್ನೊಂದು ತಿಂಗಳು, ಅಷ್ಟೇ, ಅದರ ಮೇಲೆ ಒಂದು ದಿನ ಆದ್ರೂ ಅಪೀಲ್ ಕೇಳೋ ಆಫೀಸರ್ ಕೈಯಲ್ಲಿ ಏನಿಲ್ಲ. ಜಗಳ ಇರೋ ಟ್ಯಾಕ್ಸಿನ 10% ಮೊದಲೇ ಕಟ್ಟಿ ಎಪಿಎಲ್-01 ಹಾಕಿದ್ರೆ ಉಳಿದಿದ್ದರ ವಸೂಲಿ ನಿಲ್ಲುತ್ತೆ. ಅಲ್ಲೂ ಸೋತ್ರೆ ಜಿಎಸ್‌ಟಿ ಟ್ರಿಬ್ಯುನಲ್ ಇದೆ, ವರ್ಷಗಟ್ಟಲೆ ಬರುತ್ತೆ ಬರುತ್ತೆ ಅಂತಿದ್ದದ್ದು 2025ರ ಸೆಪ್ಟೆಂಬರಲ್ಲಿ ಕೊನೆಗೂ ಉದ್ಘಾಟನೆ ಆಯ್ತು, ನಮ್ಮ ರಾಜ್ಯದ ಬೆಂಚು ಬೆಂಗಳೂರಲ್ಲಿ. ಇನ್‌ಕಮ್ ಟ್ಯಾಕ್ಸಿಗೆ 30 ದಿನ, ಫಾರಂ 35, ಫೀಸು ಜಾಸ್ತಿ ಅಂದ್ರೆ 1000 ರೂಪಾಯಿ. ಅಪೀಲ್ ಹಾಕಿದ ಮಾತ್ರಕ್ಕೆ ಇಲ್ಲಿ ವಸೂಲಿ ನಿಲ್ಲಲ್ಲ, ಬೇರೆ ಸ್ಟೇ ಅರ್ಜಿ ಕೊಡ್ಬೇಕು, 20% ಕಟ್ಟಿದ್ರೆ ಉಳಿದದ್ದಕ್ಕೆ ಸ್ಟೇ ಕೊಡೋದು ವಾಡಿಕೆ. ಲಕ್ಷಗಟ್ಟಲೆ ಕೇಸಾದ್ರೆ ಈ ಹಂತಕ್ಕೆ ನನ್ನಂಥೋನನ್ನ ನಂಬ್ಕೊಂಡು ಕೂರಬೇಡಿ, ಇಂಥದೇ ಕೇಸು ನಡೆಸಿರೋ ಸಿಎನೋ ವಕೀಲರನ್ನೋ ಹಿಡೀರಿ, ಫೀಸು ಎಷ್ಟು, ಯಾವ ಹಂತದ ತನಕ ಅಂತ ಮೊದಲೇ ಬಾಯಿಬಿಟ್ಟು ಕೇಳಿ.

ಬೇಕರಿ ಅಣ್ಣ ಈಗ ಕಾಂಪೊಸಿಷನ್‌ಗೆ ಬಂದಿದ್ದಾರೆ. ವರ್ಷಕ್ಕೆ ಒಂದೂವರೆ ಕೋಟಿ ಒಳಗಿರೋರಿಗೆ ಅದು ಸುಲಭ, ವಹಿವಾಟಿನ ಮೇಲೆ 1%, ಹೋಟೆಲ್ ಆದ್ರೆ 5%, ಮೂರು ತಿಂಗಳಿಗೊಂದ್ಸಲ ಸಿಎಂಪಿ-08ರಲ್ಲಿ 18ನೇ ತಾರೀಕಿನೊಳಗೆ ಕಟ್ಟೋದು, ವರ್ಷಕ್ಕೊಂದು ಜಿಎಸ್‌ಟಿಆರ್-4. ಗಿರಾಕಿ ಹತ್ರ ಟ್ಯಾಕ್ಸ್ ಅಂತ ಬೇರೆ ವಸೂಲಿ ಮಾಡೋ ಹಾಗಿಲ್ಲ, ಇನ್‌ಪುಟ್ ಸಿಗಲ್ಲ, ಹಿಂದಿನ ವರ್ಷಕ್ಕೆ ಈಗ ಕೊಡಿ ಅಂತ ಕೇಳೋಕೂ ಬರಲ್ಲ, ನೋಟಿಸ್ ಬಂದ್ಮೇಲೆ ಇದು ನೆನಪಾಗಿ ಪ್ರಯೋಜನ ಇಲ್ಲ ಅನ್ನೋದು ಅದಕ್ಕೇ. ಅಂಗಡಿಗೆ ಬೇರೆ ಕರೆಂಟ್ ಅಕೌಂಟು ಮಾಡಿಸಿದ್ವಿ, ಚೀಟಿ ದುಡ್ಡು, ಮಗಳ ಫೀಸು, ಕೈಗಡ ಎಲ್ಲ ಹಳೇ ಎಸ್‌ಬಿ ಖಾತೆಗೆ. ಕ್ಯಾಶ್ ಕೊಡಿ ಅಂತ ಬಂದೋರಿಗೆ ಈಗ ಎಟಿಎಂ ಕಡೆ ಕೈ ತೋರಿಸ್ತಾರೆ. ಪ್ರತಿ ಭಾನುವಾರ ರಾತ್ರಿ ಗಲ್ಲಾಪೆಟ್ಟಿಗೆ ಪಕ್ಕದ ನೋಟ್‌ಬುಕ್ಕಿನ ಫೋಟೋ ವಾಟ್ಸಾಪಿಗೆ ಬರುತ್ತೆ, ಟೀ ಲೋಟದ ಕಲೆ ಸಮೇತ, ಹಾಲು ಬೇರೆ, ಬ್ರೆಡ್ ಬೇರೆ, ಉಳಿದದ್ದು ಬೇರೆ ಅಂತ ಮೂರು ಸಾಲು. ಬಿಲ್ಲುಗಳನ್ನ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ಇಟ್ಕೋಬೇಕು, ಕೇಸ್ ನಡೀತಿದ್ರೆ ಅದು ಮುಗಿದು ಇನ್ನೊಂದು ವರ್ಷ. ಆ ಬಿಲ್ಲುಗಳ ಮಸಿ ಆರು ತಿಂಗಳಿಗೇ ಹಾರಿಹೋಗುತ್ತೆ, ಹಾಲಿನ ಬಿಲ್ಲಂತೂ ಒಂದೇ ಬೇಸಿಗೆಗೆ ಬೆಳ್ಳಗಾಗುತ್ತೆ, ಬಂದ ದಿನವೇ ಫೋಟೋ ಹೊಡೆದು ಇಟ್ಕೊಳ್ಳಿ.